ಬಲಗಡೆಯ ಹೂವು

ಮೊನ್ನೆ ಸಂಜೆ ನಮ್ಮ ಮನೆಯವರು ಕಪನೂರಿನ ಬೇಳೆ ಮಿಲ್ಲಿನಿಂದ ಬರುವಾಗ ದಾರಿಯ ಗಾಡಿಯೊಂದರಲ್ಲಿ ಕೆಂಪು ಬಾಳೆಹಣ್ಣು ಕೊಂಡು ತಂದರು. "ತಗೋ, ನಿನ್ನ ತವರಿನ ಮಾಲು. ಕಮಲಾಪುರದ್ದೇ ಅಂತ ಗಾಡಿಯವ ಆಣಿ ಮಾಡಿ ಕೊಟ್ಟಾನ," ಎಂದು ಚೀಲವನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟರು. ಆಣೆ ಬೇಕಿರಲಿಲ್ಲ. ಚೀಲದ ಬಾಯಿ ಬಿಚ್ಚುವ ಮೊದಲೇ ಆ ವಾಸನೆ ಮನೆಯೆಲ್ಲ ತುಂಬಿತು. ಬೇರೆಯವರಿಗೆ ಅದು ಹಣ್ಣಿನ ವಾಸನೆ. ನನಗೆ ಮಾತ್ರ ಅದು ಒಬ್ಬ ಮುದುಕನ ಬೆರಳಿನ ವಾಸನೆ...

ಆ ಮುದುಕನನ್ನು ಅಜ್ಜ ಎನ್ನುತ್ತಿದ್ದೆ, ನನಗೆ ರಕ್ತಸಂಬಂಧಿಯೇನೂ ಅಲ್ಲ. ನಮ್ಮೂರಿನ ಬಸವಣ್ಣನ ಗುಡಿಯಲ್ಲಿ ಪೂಜೆ ಮಾಡಿಕೊಂಡಿದ್ದ. ನಮ್ಮ ಮನೆ ಗುಡಿಯ ಹಿಂದೆಯೇ ಇತ್ತು. ನಡೆಯಲು ಕಲಿತಾಗಿನಿಂದ ನಾನು ಆ ಗುಡಿಯ ಕಟ್ಟೆಯ ಮೇಲೆಯೇ ಬೆಳೆದವಳು. ನನ್ನ ಸ್ವಂತ ಅಜ್ಜನನ್ನು ನಾನು ನೋಡಿರಲಿಲ್ಲ, ಆ ಜಾಗದಲ್ಲಿ ಇವನನ್ನೇ ಕೂರಿಸಿಕೊಂಡಿದ್ದೆ. ಅವನು ನನಗೆ ಮೋಸ ಮಾಡಿದ. ಇಷ್ಟು ನೇರವಾಗಿ ಈ ಮಾತು ಬರೆಯಲು ನನಗೆ ಬಹಳ ವರ್ಷ ಬೇಕಾಯಿತು.

ಬೆಳಗಾದರೆ ಗುಡಿಗೆ ಹೂವು ತರುವುದು ನನ್ನ ಕೆಲಸ. ಹಿತ್ತಲಿನ ಕಣಗಿಲೆ ಗಿಡದಿಂದ ಬುಟ್ಟಿ ತುಂಬ ಬಿಡಿಸಿಕೊಂಡು ಹೋಗುತ್ತಿದ್ದೆ. ಸ್ವಲ್ಪ ತಡವಾದರೆ ಗುಡಿಯೊಳಗಿನಿಂದಲೇ ಕೂಗು ಬರುತ್ತಿತ್ತು: "ಏ ಹೂವಿನಕಿ! ಬಸವಣ್ಣ ಜಳಕಾ ಮಾಡಿ ಕುಂತಾನ, ನೀ ಇನ್ನಾ ಹಾಸಿಗ್ಯಾಗ ಇದ್ದೀಯೇನ?" ಮೊಗ್ಗು ಕೀಳಬಾರದು, ನೆಲಕ್ಕೆ ಬಿದ್ದದ್ದು ತರಬಾರದು ಎಂದೆಲ್ಲ ಕಲಿಸಿದವನು ಅವನೇ. ಎಲ್ಲರಿಗಿಂತ ಮೊದಲು ನನ್ನ ಅಂಗೈಗೆ ತೀರ್ಥ ಹಾಕುತ್ತಿದ್ದ. ದೊಡ್ಡ ದೊಡ್ಡ ಮನೆತನದವರು ನಿಂತಿದ್ದರೂ, "ಮೊದಲ ಹೂ ತಂದಾಕಿಗಿ," ಎನ್ನುತ್ತಿದ್ದ.

ಅಜ್ಜನಿಗೆ ಒಬ್ಬ ಮೊಮ್ಮಗಳಿದ್ದಳು, ಮಗಳ ಮಗಳು. ಅವಳ ಅಪ್ಪ ತೀರಿಕೊಂಡಿದ್ದರಿಂದ ತಾಯಿ ಮಗಳಿಬ್ಬರೂ ಅಜ್ಜನ ಮನೆಯಲ್ಲೇ ಇದ್ದರು. ಅವಳು ನನ್ನ ಗೆಳತಿ. ಒಂದೇ ಬೆಂಚು, ಒಂದೇ ಬುತ್ತಿ. ಪರೀಕ್ಷೆ ಬಂತೆಂದರೆ ಗುಡಿಯ ಕಂಬಕ್ಕೆ ಬೆನ್ನು ಕೊಟ್ಟು ಕುಳಿತು ಇಬ್ಬರೂ ಜೋರಾಗಿ ಓದುತ್ತಿದ್ದೆವು. "ಮೆಲ್ಲಕ ಓದ್ರೇ, ಬಸವಣ್ಣಗ ನಿಮಗಿಂತ ಮೊದಲ ಬಾಯಿಪಾಠ ಆಗ್ತದ," ಎಂದು ಅಜ್ಜ ನಗುತ್ತಿದ್ದ.

ನಮ್ಮ ಬಸವಣ್ಣ ಹೂ ಕೊಡುವ ದೇವರೆಂದು ಸುತ್ತಲ ಹಳ್ಳಿಗಳಲ್ಲಿ ಹೆಸರಾಗಿತ್ತು. ಹೆಣ್ಣು ಕೊಡಬೇಕೋ ಬೇಡವೋ, ಬಾವಿ ಎಲ್ಲಿ ತೋಡಬೇಕು, ಎತ್ತು ಮಾರಬೇಕೋ ಇಟ್ಟುಕೊಳ್ಳಬೇಕೋ ಎಂದು ಕೇಳಲು ಜನ ಬರುತ್ತಿದ್ದರು. ಅಜ್ಜ ಕರಿ ಕಲ್ಲಿನ ಬಸವಣ್ಣನನ್ನು ನೀರಿನಿಂದ ತೊಳೆದು, ಎರಡು ಹೂವುಗಳನ್ನು ತೋಯಿಸಿ ಬಲಭುಜಕ್ಕೊಂದು ಎಡಭುಜಕ್ಕೊಂದು ಅಂಟಿಸುತ್ತಿದ್ದ. ಕೇಳುವವರು ಎದುರಿಗೆ ಕುಳಿತು ಮನಸ್ಸಿನ ಮಾತನ್ನು ಗಟ್ಟಿಯಾಗಿ ಹೇಳಬೇಕು. ಬಲಗಡೆಯ ಹೂವು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಯಾರಾದರೂ ಅಜ್ಜನ ಕಾಲು ಹಿಡಿಯಲು ಬಂದರೆ ಹಿಂದೆ ಸರಿಯುತ್ತಿದ್ದ. "ಹೂ ಕೊಡಾಂವ ಅವ. ನಂದು ಬರೇ ಕೈ," ಎನ್ನುತ್ತಿದ್ದ.

ನಾವಿಬ್ಬರೂ ಪಿಯುಸಿ ಮುಗಿಸಿದ ವರ್ಷ ಶಿಕ್ಷಕರ ತರಬೇತಿಗೆ ಅರ್ಜಿ ಹಾಕಿದೆವು. ಆಗ ನಮ್ಮ ಕಡೆ ಆ ತರಬೇತಿ ಎಂದರೆ ಬಹಳ ದೊಡ್ಡದು. ಅದೊಂದು ಆದರೆ ಸರ್ಕಾರಿ ಶಾಲೆಯ ಕೆಲಸ ಸಿಕ್ಕ ಹಾಗೆಯೇ ಎಂದು ಎಲ್ಲರೂ ಹೇಳುತ್ತಿದ್ದರು. ಕನ್ನಡಿಯ ಮುಂದೆ ನಿಂತು ಅವ್ವನ ಸೀರೆ ಸುತ್ತಿಕೊಂಡು, ಕೈಯಲ್ಲಿ ಚಾಕ್‌ಪೀಸ್ ಹಿಡಿದ ಹಾಗೆ ಬೆರಳು ಮಡಚಿ ನೋಡಿಕೊಳ್ಳುತ್ತಿದ್ದೆ. ಕಲಬುರಗಿಗೆ ಇನ್ನೂ ಗುಲ್ಬರ್ಗಾ ಎಂಬ ಹೆಸರಿದ್ದ ಕಾಲ. ಅಲ್ಲಿ ಆಯ್ಕೆಯ ಪಟ್ಟಿ ಹಚ್ಚಿದ್ದಾರೆಂದು ತಿಳಿದು ಅಪ್ಪ ನನ್ನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದ. ಕಚೇರಿಯ ಗೋಡೆಯ ಮುಂದೆ ಜನವೋ ಜನ. ಅಪ್ಪ ಹೆಗಲಿನಿಂದ ದಾರಿ ಮಾಡಿ ನನ್ನನ್ನು ಮುಂದೆ ನಿಲ್ಲಿಸಿದ.

ನನ್ನ ಹೆಸರಿತ್ತು! ಆದರೆ ಕೊಟ್ಟ ಕಾಲೇಜು ಬಳ್ಳಾರಿಯ ಆಚೆ. ಅದೇ ಕಾಲೇಜಿಗೆ ಕಾಯುವವರ ಸಾಲಿನಲ್ಲಿ ಮೊದಲನೆಯ ಹೆಸರು ನನ್ನ ಗೆಳತಿಯದು. ಅಂದರೆ ನಾನು ಬಿಟ್ಟರೆ ಅವಳಿಗೆ.

ಸಂತೋಷ ಬಸ್ ಸ್ಟ್ಯಾಂಡಿನ ತನಕ ಉಳಿಯಿತು. ಅಷ್ಟು ದೂರ, ಗುರುತಿಲ್ಲದ ಊರು, ನಮ್ಮವರೆನ್ನುವವರು ಯಾರೂ ಇಲ್ಲ. ಈ ಸೀಟು ಬಿಟ್ಟುಕೊಟ್ಟರೆ ಎರಡನೇ ಪಟ್ಟಿಯಲ್ಲಿ ಗುಲ್ಬರ್ಗಾದಲ್ಲೇ ಸಿಗಬಹುದೆಂದು ಕಚೇರಿಯ ಜವಾನ ಹೇಳಿದ. ಸಿಗದೆಯೂ ಹೋಗಬಹುದು ಎಂದು ಅವನ ಪಕ್ಕದಲ್ಲಿದ್ದವನು ಹೇಳಿದ. ಒಳಗಿದ್ದ ಗುಮಾಸ್ತರನ್ನು ಕೇಳಿದರೆ, "ಅದು ನಿಮ್ಮ ನಸೀಬ ರೀ," ಎಂದು ಕಿಟಕಿ ಹಾಕಿಕೊಂಡರು. ವರ್ಷಪೂರ್ತಿ ಓದಿ ಅಂಕ ತಂದಿದ್ದೆ. ಆದರೆ ಇನ್ನು ಮುಂದಿನದು ನಾನು ಓದಿದ್ದರ ಮೇಲೆ ಇರಲಿಲ್ಲ. ಯಾವ ಊರಿನ ಯಾವ ಹುಡುಗಿ ಯಾವ ಸೀಟು ಬಿಡುತ್ತಾಳೆ ಎಂಬುದರ ಮೇಲಿತ್ತು. ಬಸ್ಸು ಇಳಿಯುವಾಗ ಅಪ್ಪ, "ಬಸವಣ್ಣನ್ನ ಕೇಳಿಬಿಡೂಣು," ಎಂದ.

ಅಜ್ಜನ ಮೊಮ್ಮಗಳೇ ನನ್ನ ಹಿಂದೆ ನಿಂತಿದ್ದಾಳೆಂದು ನಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವ್ವ ಮಾತ್ರ ರೊಟ್ಟಿ ಬಡಿಯುತ್ತ ಮೆಲ್ಲಗೆ, "ಅಲ್ರೀ, ಬ್ಯಾರೆ ಗುಡಿಗಿ ಹೋಗಿ ಕೇಳಿದ್ರ ಹ್ಯಾಂಗ?" ಎಂದಳು. ಅಪ್ಪ ಸಿಟ್ಟಾದ. "ಹೂ ಕೊಡಾಂವ ದೇವರು. ಅಜ್ಜ ಕೊಡ್ತಾನೇನು? ಹಾಂಗ ಅನಬಾರದು, ಬಾಯಿಗಿ ಹುಳ ಬೀಳ್ತಾವ." ನನಗೂ ಅವ್ವನ ಮೇಲೆಯೇ ಕೋಪ ಬಂತು, ನನ್ನ ಅಜ್ಜನ ಬಗ್ಗೆ ಹೀಗೆ ಅನ್ನುತ್ತಾಳಲ್ಲ ಎಂದು.

ಸೋಮವಾರ ಬೆಳಿಗ್ಗೆ ಹೋದೆವು. ಹೂವು ನಾನೇ ತಂದಿದ್ದೆ. ಒಂದೇ ಟೊಂಗೆಯ, ಒಂದೇ ಅಳತೆಯ ಎರಡು ಕಣಗಿಲೆ. ಅಪ್ಪ ತೆಂಗಿನಕಾಯಿ ತಂದಿದ್ದ. "ದೂರದ ಕಾಲೇಜಿಗಿ ಹೋಗಂದ್ರ ಬಲಗಡಿ ಕೊಡಪ್ಪ. ಬಿಟ್ಟು ಎರಡನೇ ಲಿಸ್ಟಿಗಿ ಕಾಯಂದ್ರ ಎಡಗಡಿ ಕೊಡು," ಎಂದು ಅಪ್ಪ ಗಟ್ಟಿಯಾಗಿ ಹೇಳಿದ. ಅಜ್ಜ ಹೂವು ತೆಗೆದುಕೊಂಡು ನಮಗೆ ಬೆನ್ನು ಮಾಡಿ ಬಸವಣ್ಣನ ಮುಂದೆ ಸ್ವಲ್ಪ ಹೊತ್ತು ನಿಂತ. ಏನೋ ಬೇಡಿಕೊಳ್ಳುತ್ತಿದ್ದಾನೆ ಎಂದುಕೊಂಡೆ, ನನಗಾಗಿಯೇ. ಆಮೇಲೆ ಎರಡೂ ಹೂವು ಅಂಟಿಸಿ ಪಕ್ಕಕ್ಕೆ ಸರಿದ.

ನನ್ನ ಕಣ್ಣೆಲ್ಲ ಬಲಗಡೆಯ ಹೂವಿನ ಮೇಲೆ. ನನಗೆ ಹೋಗಬೇಕಿತ್ತು. ದೂರವಾದರೇನು, ಹೆದರಿಕೆಯಾದರೇನು, ನನಗೆ ಹೋಗಬೇಕಿತ್ತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ನನ್ನನ್ನು ಯಾರೂ ಕೇಳಿರಲಿಲ್ಲ. ಬಸವಣ್ಣನಿಗಂತೂ ಗೊತ್ತು ಎಂದುಕೊಂಡಿದ್ದೆ. ಬಲಗಡೆಯ ಹೂವು ಅಲ್ಲಿಯೇ ಬೇರು ಬಿಟ್ಟ ಹಾಗೆ ಕುಳಿತಿತ್ತು. ಎಡಗಡೆಯದು ಮೆಲ್ಲಗೆ ಜಾರಿ, ತಿರುಗಿ, ಪೀಠದ ಮೇಲೆ ಬಿತ್ತು.

ಅಪ್ಪ ಕಣ್ಣು ಮುಚ್ಚಿ ಕೈ ಮುಗಿದ. ಅಜ್ಜ ಎಂದಿನಂತೆ ಮೊದಲು ನನ್ನ ಅಂಗೈಗೆ ತೀರ್ಥ ಹಾಕಿದ. ಅವನ ಬೆರಳಿನಿಂದ ಕೆಂಪು ಬಾಳೆಹಣ್ಣಿನ ವಾಸನೆ ಬಂತು. ಆ ದಿನ ತಟ್ಟೆಯಲ್ಲಿ ಬಾಳೆಹಣ್ಣೇ ಇರಲಿಲ್ಲ. ಸೋಮವಾರ ಪೂಜೆ ಮುಗಿಯುವ ತನಕ ಅಜ್ಜ ನೀರೂ ಕುಡಿಯುತ್ತಿರಲಿಲ್ಲ. ಆದರೆ ಅಳು ನುಂಗಿಕೊಂಡು ನಿಂತ ಹುಡುಗಿ ಇದನ್ನೆಲ್ಲ ಯೋಚಿಸುತ್ತಾಳೆಯೇ... ವಾಸನೆ ಬಂತು, ಹೋಯಿತು.

ಸೀಟು ಬಿಟ್ಟುಕೊಟ್ಟೆವು. ಅದು ಗೆಳತಿಗೆ ಸಿಕ್ಕಿತು. ಅವಳು ನಮ್ಮ ಮನೆಗೆ ಓಡಿ ಬಂದು ನನ್ನ ಕೊರಳಿಗೆ ಬಿದ್ದು ಅತ್ತಳು. "ನಿಂದ ನಾ ಕಸಗೊಂಡಂಗ ಆತಲ್ಲೇ," ಎಂದಳು. ನಾನೇ ಅವಳ ಕಣ್ಣೊರೆಸಿದೆ. "ಹುಚ್ಚಿ, ಬಸವಣ್ಣ ಕೊಟ್ಟಾನ ತಗೋ. ನಂದು ಎರಡನೇ ಲಿಸ್ಟಿನ್ಯಾಗ ಬರತದ." ಅವಳು ಹೊರಟ ದಿನ ಅವಳ ಟ್ರಂಕಿನ ಒಂದು ಹಿಡಿಕೆ ನಾನು ಹಿಡಿದಿದ್ದೆ, ಇನ್ನೊಂದು ಅವಳ ತಾಯಿ.

ಎರಡನೇ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಮರುವರ್ಷ ಮತ್ತೆ ಅರ್ಜಿ ಹಾಕಬಹುದಿತ್ತು. ಆದರೆ ದೇವರೇ ಬೇಡವೆಂದ ಮೇಲೆ ಯಾರು ವಾದ ಮಾಡುತ್ತಾರೆ? ಮನುಷ್ಯರು ಬೇಡ ಎಂದಿದ್ದರೆ ನಾನು ಅಳುತ್ತಿದ್ದೆ, ಊಟ ಬಿಡುತ್ತಿದ್ದೆ. "ಆಕಿ ನಸೀಬದಾಗ ಓದು ಇಲ್ಲ, ಹೂ ಕೇಳಿ ನೋಡೇವಿ," ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಆ ಮಾತಿನ ಮುಂದೆ ನನ್ನ ಅಂಕಪಟ್ಟಿಗೆ ಬೆಲೆ ಇರಲಿಲ್ಲ. ಸಂಬಂಧ ಬಂತು, ಮದುವೆಯಾಯಿತು, ಕಲಬುರಗಿಗೆ ಬಂದೆ.

ಕೆಟ್ಟದ್ದೇನೂ ಆಗಲಿಲ್ಲ. ಆಗಿದ್ದನ್ನೆಲ್ಲ ಎಣಿಸುವುದು ನನ್ನ ಅಭ್ಯಾಸ. ಕುಡಿತವಿಲ್ಲದ ಗಂಡ. ಬೇಳೆಯ ಧೂಳು ಮೆತ್ತಿದ ಅಂಗಿಯಲ್ಲೇ ಬಂದು ಮೊದಲು ಮಗಳನ್ನು ಎತ್ತಿಕೊಳ್ಳುತ್ತಿದ್ದವರು. ಶರಣಸಿರಸಗಿಯ ಹೊಸ ಬಡಾವಣೆಯಲ್ಲಿ ಸಣ್ಣದಾದರೂ ಸ್ವಂತ ಮನೆ. ಬೇಸಿಗೆಯಲ್ಲೂ ನಲ್ಲಿಗೆ ನೀರು ಬಂದರೆ ಅದೂ ಶರಣಬಸಪ್ಪನ ಕೃಪೆ. ಎಲ್ಲಕ್ಕಿಂತ ದೊಡ್ಡದು, ನನ್ನ ಗೆಳತಿ ಶರಣಸಿರಸಗಿಯ ಸರ್ಕಾರಿ ಶಾಲೆಗೇ ಶಿಕ್ಷಕಿಯಾಗಿ ಬಂದಳು. ನನ್ನ ಮಗಳ ಕೈ ಹಿಡಿದು ಅ ಆ ತಿದ್ದಿಸಿದವಳು ಅವಳೇ. ಮಗಳು ಮೊದಲ ದಿನ ಪಾಟಿ ತಂದು ತೋರಿಸಿದಾಗ, ಓಹೋ, ಬಸವಣ್ಣ ಎಡಗಡೆಯ ಹೂವು ಕೊಟ್ಟದ್ದು ಇದಕ್ಕೇ ಎಂದುಕೊಂಡು ಕೈ ಮುಗಿದೆ. ಆ ಸಮಾಧಾನದಲ್ಲಿ ಬಹಳ ವರ್ಷ ಚೆನ್ನಾಗಿದ್ದೆ.

ಕೆಲವು ವರ್ಷಗಳ ಹಿಂದೆ ಒಂದು ಶ್ರಾವಣ ಸೋಮವಾರ. ನಮ್ಮ ದೇವರ ಜಗುಲಿಯ ಮೇಲೆ ಕರಿ ಕಲ್ಲಿನ ಪುಟ್ಟ ಬಸವಣ್ಣ ಇದ್ದಾನೆ, ಅಪ್ಪ ಕೊಡಿಸಿದ್ದು. ಹಾಲು, ಮೊಸರು, ಜೇನು, ಕಿವುಚಿದ ಕೆಂಪು ಬಾಳೆಹಣ್ಣು ಹಾಕಿ ಅಭಿಷೇಕ ಮಾಡಿದೆ. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು. ಗಡಿಬಿಡಿಯಲ್ಲಿ ಒಂದು ತಂಬಿಗೆ ನೀರು ಸುರಿದು, ಎರಡೂ ಭುಜಕ್ಕೆ ಹೂವು ಏರಿಸಿ ಎದ್ದೆ. ಮರುದಿನ ಬೆಳಿಗ್ಗೆ ನೋಡಿದರೆ ಎಡಗಡೆಯ ಹೂವು ಬಿದ್ದಿತ್ತು, ಬಲಗಡೆಯದು ಬಾಡಿ ಮುದುಡಿದ್ದರೂ ಅಲ್ಲಿಯೇ ಅಂಟಿತ್ತು. ಉಗುರಿನಿಂದ ಕಿತ್ತೆ. ಕೆಳಗೆ ಬಾಳೆಹಣ್ಣಿನ ತಿರುಳು ಒಣಗಿ ಅಂಟಿನಂತಾಗಿತ್ತು. ಬೆರಳನ್ನು ಮೂಗಿನ ಹತ್ತಿರ ತಂದೆ...

"ಅವ್ವಾ, ಕುಕ್ಕರ್ ಒದರಾಕತ್ತೈತಿ, ಕೇಳಸ್ತದಿಲ್ಲೋ?" ಮಗಳು ಕೂಗುತ್ತಿದ್ದಳು. ನಾನು ಗುಡಿಯಲ್ಲಿದ್ದೆ, ಕಮಲಾಪುರದಲ್ಲಿ, ಅಂಗೈ ಚಾಚಿಕೊಂಡು.

ಅವ್ವನನ್ನು ನೋಡಿ ಬರುತ್ತೇನೆಂದು ಹೇಳಿ ಊರಿಗೆ ಹೋದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಅಭ್ಯಾಸಬಲದಿಂದ ಅದನ್ನೂ ಕೃಪೆಯ ಲೆಕ್ಕಕ್ಕೆ ಹಿಡಿದೆ. ಅಜ್ಜ ಆಗಲೇ ಪೂಜೆ ಬಿಟ್ಟಿದ್ದ. ಪಡಸಾಲೆಯ ಹೊರಸಿನ ಮೇಲೆ ಕುಳಿತಿದ್ದ. ಒಳಗೆ ಅವನ ಮಗಳು ರೊಟ್ಟಿ ಬಡಿಯುವ ಸದ್ದು. ಕಾಲಿಗೆ ನಮಸ್ಕರಿಸಿದೆ.

"ಯಾರು? ಹೂವಿನಕಿನಾ? ಬಾ, ಕೂಡು. ಭಾಳ ಸೊರಗೀದಿ."

ಕುಳಿತು ನೇರವಾಗಿ ಕೇಳಿದೆ. "ಅಜ್ಜಾ, ನನ್ನ ಕಾಲೇಜಿನ ಸಲುವಾಗಿ ಹೂ ಕೇಳಿದಾಗ, ಬಲಗಡಿ ಹೂವಿಗಿ ಬಾಳಿಹಣ್ಣ ಹಚ್ಚಿದ್ದೇನು?"

ಅವನು ಸಿಟ್ಟಾಗಲಿ, ನನ್ನನ್ನು ಬೈದು ಹೊರಗೆ ಅಟ್ಟಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಅವನು ಒಳಗೆ ರೊಟ್ಟಿಯ ಸದ್ದು ನಡೆದಿದೆಯೇ ಎಂದು ಕಿವಿಗೊಟ್ಟು ಕೇಳಿದ. ಆಮೇಲೆ, "ಹಚ್ಚಿದ್ದೆ. ಕಡಲಿಕಾಳಿನಷ್ಟು," ಎಂದ.

ಅವನೇ ಮುಂದುವರಿಸಿದ. "ಆಕಿಗಿ ಅಪ್ಪ ಇದ್ದಿಲ್ಲ. ನಿನಗ ಅಪ್ಪ ಇದ್ದ, ಮಾರ್ಕ್ಸೂ ಹೆಚ್ಚಿಗಿ ಇತ್ತು. ಎರಡನೇ ಲಿಸ್ಟಿನ್ಯಾಗ ನಿನ್ನ ಹೆಸರ ಬಂದೇ ಬರತದ ಅಂತ ನಂಬಿದ್ದೆ. ಬರಲಿಲ್ಲ. ಅದಕ್ಕ ನಾ ಏನ ಮಾಡಲಿ ಯವ್ವಾ?"

"ದೇವರ ಮೈಮ್ಯಾಲೆ ಮಾಡಿದ್ಯಲ್ಲ ಅಜ್ಜಾ..."

"ದೇವರ ಕಣ್ಣ ಮುಂದೇ ಮಾಡೇನಿ, ಹಿಂದ ಮುಚ್ಚಿ ಮಾಡಿಲ್ಲ. ತಪ್ಪಂತ ಅನಿಸಿದ್ರ ಅವ ಅವತ್ತೇ ಬಲಗಡಿದೇ ಕೆಡವತಿದ್ದ." ಆಮೇಲೆ ನನ್ನ ಕಡೆ ಕೈ ಮಾಡಿ, ಬೆರಳು ಮಡಚುತ್ತ ಎಣಿಸತೊಡಗಿದ. "ನಿನಗೇನ ಕಡಿಮಿ ಆಗ್ಯಾದ ಹೇಳು? ಕುಡಿಲಾರದ ಗಂಡ ಸಿಕ್ಕಾನ. ಸ್ವಂತ ಮನಿ ಆಗ್ಯಾದ. ಮುತ್ತಿನಂಥ ಮಗಳದಾಳ..."

ನಾನು ದಿನಾ ದೀಪದ ಮುಂದೆ ಎಣಿಸುತ್ತಿದ್ದವು ಅವೇ. ಅದೇ ಕ್ರಮದಲ್ಲಿ ಅವನ ಬೆರಳಿನ ಮೇಲೆ ಬಂದವು. ನನ್ನಿಂದ ತೆಗೆದುಕೊಂಡದ್ದಕ್ಕೆ ಬದಲಾಗಿ ಅವನೇ ಇವನ್ನೆಲ್ಲ ಕೊಡಿಸಿದ ಹಾಗೆ. ಅವನ ಮೊದಲ ಮಾತಿಗಿಂತ ಈ ಎಣಿಕೆಯೇ ನನಗೆ ಹೆಚ್ಚು ಚುಚ್ಚಿತು.

"ನೀ ಬಾಯಿ ಬಿಟ್ಟು ಕೇಳಬೇಕಾಗಿತ್ತು ಅಜ್ಜಾ," ಎಂದೆ. "ಮೊಮ್ಮಗಳಿಗಿ ಬಿಟ್ಟುಕೊಡು ಅಂತ ನನಗೇ ಕೇಳಬೇಕಾಗಿತ್ತು. ಕೊಡತಿದ್ದೆನೋ ಇಲ್ಲೋ, ಗೊತ್ತಿಲ್ಲ. ಆದ್ರ ಕೇಳಬೇಕಾಗಿತ್ತು."

ಅವನು ಮಡಚಿದ ಬೆರಳು ಬಿಚ್ಚಿದ. ಗೋಡೆಯ ಕಡೆ ತಿರುಗಿದ. ಅಷ್ಟರಲ್ಲಿ ಗೆಳತಿಯ ತಾಯಿ ಬಿಸಿ ರೊಟ್ಟಿ, ಪುಂಡಿಪಲ್ಯ ತಂದಿಟ್ಟು, "ಏನ ಮಾತಾಡಾಕತ್ತೀರಿ ಅಜ್ಜ ಮೊಮ್ಮಗಳು?" ಎಂದು ನಕ್ಕಳು. ಅನ್ನ ದೇವರಿಗೆ ಅವಮಾನ ಮಾಡಬಾರದೆಂದು ಉಂಡೆ.

ಆಮೇಲೆ ನಾನು ಅಜ್ಜನನ್ನು ನೋಡಲು ಹೋಗಲಿಲ್ಲ. ಒಂದು ಬೇಸಿಗೆಯಲ್ಲಿ ಅವನು ತೀರಿಕೊಂಡ. ಮಣ್ಣಿಗೂ ಹೋಗಲಿಲ್ಲ. "ಯಾಕ ಬರಲಿಲ್ಲೇ? ಕಡೀತನಕ ನಿನ್ನ ಹೆಸರು ತೆಗೀತಿದ್ದ ಅಜ್ಜ," ಎಂದು ಗೆಳತಿ ಕೇಳಿದಳು. ಮೊಣಕಾಲು ನೋವು ಎಂದೆ. ಅವಳಿಗೆ ಏನೂ ಗೊತ್ತಿಲ್ಲ. ಶರಣಬಸವೇಶ್ವರರ ಗುಡಿಯಲ್ಲಿ ಸಿಕ್ಕಾಗ ಇವತ್ತಿಗೂ ತನ್ನ ಪ್ರಸಾದದಲ್ಲಿ ಅರ್ಧ ಮುರಿದು ನನ್ನ ಕೈಗೆ ಹಾಕುತ್ತಾಳೆ. ತೆಗೆದುಕೊಳ್ಳುತ್ತೇನೆ. ಎಷ್ಟೋ ಮಕ್ಕಳಿಗೆ ಅಕ್ಷರ ಕಲಿಸಿದ ಕೈ ಅದು, ಅದನ್ನು ಯಾಕೆ ನಡುಗಿಸಲಿ? ಆದರೆ ಕೆಲವು ಸಲ ಅವಳ ಸೀರೆಯ ತುದಿಗೆ ಹತ್ತಿದ ಚಾಕ್‌ಪೀಸಿನ ಪುಡಿ ಕಂಡರೆ ಬೇರೆ ಕಡೆ ನೋಡುತ್ತೇನೆ.

ನೌಕರಿ ಹೋದದ್ದಲ್ಲ ನನ್ನ ದುಃಖ. ನೌಕರಿಯಿಲ್ಲದೆ ಎಷ್ಟೋ ಜನ ಬದುಕಿದ್ದಾರೆ. ಅಜ್ಜನ ಬಾಯಿಂದ ಆ ಮಾತು ಕೇಳಿದ ದಿನದಿಂದ ನಾನು ದೀಪ ಹಚ್ಚಿದ್ದೇನೆ, ಉಪವಾಸ ಮಾಡಿದ್ದೇನೆ, ಕೈ ಮುಗಿದಿದ್ದೇನೆ. ದೇವರನ್ನು ಏನನ್ನೂ ಕೇಳಿಲ್ಲ. ಕೇಳಲು ಹೋದರೆ ಆ ವಾಸನೆ ಬರುತ್ತದೆ.

ಈಗ ಮಗಳ ಸರದಿ. ಪ್ರವೇಶ ಪರೀಕ್ಷೆ ಬರೆದಿದ್ದಾಳೆ. ಗೋಡೆಗೆ ಹಚ್ಚುವ ಪಟ್ಟಿ ಇಲ್ಲ, ಎಲ್ಲ ಮೊಬೈಲಿನಲ್ಲಿ. ಮೊದಲ ಸುತ್ತಿನಲ್ಲಿ ಮಂಗಳೂರಿನ ಕಡೆಯ ಕಾಲೇಜಿನಲ್ಲಿ ನರ್ಸಿಂಗ್ ಸೀಟು ಬಂದಿದೆ. ಸೇರುತ್ತೇನೆ ಎಂದು ಒತ್ತಬೇಕು, ಇಲ್ಲವೇ ಬಿಟ್ಟು ಮುಂದಿನ ಸುತ್ತಿಗೆ ಕಾಯಬೇಕು. ಬಡಾವಣೆಯಲ್ಲಿ ಎಲ್ಲರೂ ಸಲಹೆ ಕೊಟ್ಟಾಯಿತು. ಕಾದರೆ ಕಲಬುರಗಿಯಲ್ಲೇ ಸಿಗುತ್ತದೆ ಎಂದು ಒಬ್ಬರು, ಕಾದರೆ ಇದೂ ಹೋಗುತ್ತದೆ ಎಂದು ಇನ್ನೊಬ್ಬರು. ಮೊನ್ನೆ ಸಂಜೆ ಮಗಳು ಊಟ ಬಿಟ್ಟು ಮೊಬೈಲ್ ಹಿಡಿದು ಕುಳಿತಿದ್ದಳು.

ನಮ್ಮ ಮನೆಯವರು ಬಾಳೆಹಣ್ಣು ಸುಲಿಯುತ್ತ, "ನಾಳಿ ಕಮಲಾಪುರಕ್ಕ ಹೋಗಿ ಹೂ ಕೇಳಿಬರೂಣೇನು? ನಿಮ್ಮ ಬಸವಣ್ಣ ಸುಳ್ಳ ಹೇಳಲ್ಲಂತ ನೀನೇ ಅಂತಿದ್ದಿ," ಎಂದರು. ಅವರಿಗೂ ನಾನು ಹೇಳಿಲ್ಲ.

"ಬಸವಣ್ಣ ಸುಳ್ಳ ಹೇಳಲ್ಲ," ಎಂದೆ. "ಆದ್ರ ಕೇಳೂದು ಬ್ಯಾಡ." ಮಗಳ ಎದುರಿಗೆ ಹೋಗಿ ಕುಳಿತೆ. "ನಿನಗ ಏನ ಬೇಕು?"

ಅವಳು ಅಪ್ಪನ ಕಡೆ ನೋಡಿದಳು.

"ಅಲ್ಲಿ ನೋಡಬ್ಯಾಡ. ನಿನಗೇ ಕೇಳಾಕತ್ತೀನಿ."

"ಹೋಗಬೇಕನಸ್ತದ ಅವ್ವಾ," ಎಂದಳು, ಸಣ್ಣ ದನಿಯಲ್ಲಿ. "ಖರೆ ಹೆದರಿಕಿನೂ ಆಗ್ತದ."

"ಹೆದರಿಕಿ ಆಗಲಿ. ಒತ್ತು."

"ಏ, ತಡಿ ತಡಿ, ಒಂದ ರಾತ್ರಿ ವಿಚಾರ ಮಾಡೂಣು..." ಎಂದು ಅವರು ಬಾಯಲ್ಲಿ ಹಣ್ಣಿಟ್ಟುಕೊಂಡೇ ಎದ್ದರು.

"ಒತ್ತಿದೆ ಅಪ್ಪಾ," ಎಂದಳು ಮಗಳು. ಅವರು ಇನ್ನೊಂದು ಹಣ್ಣು ಸುಲಿದು ಅವಳ ಕೈಗೆ ಕೊಟ್ಟರು.

ಇವತ್ತು ಬೆಳಿಗ್ಗೆ ಬಸವಣ್ಣನಿಗೆ ಬರಿ ನೀರಿನ ಸ್ನಾನ ಮಾಡಿಸಿ, ಮೆತ್ತಗಿನ ಬಟ್ಟೆಯಿಂದ ಒರೆಸಿದೆ. ಒಂದೇ ಹೂವು ತೆಗೆದುಕೊಂಡು ಎರಡು ಕೊಂಬಿನ ನಡುವೆ ಇಟ್ಟೆ. ಅಲ್ಲಿಂದ ಅದು ಬಲಕ್ಕೂ ಬೀಳುವುದಿಲ್ಲ, ಎಡಕ್ಕೂ ಬೀಳುವುದಿಲ್ಲ. ನೈವೇದ್ಯಕ್ಕೆ ಕೆಂಪು ಬಾಳೆಹಣ್ಣನ್ನೇ ಇಟ್ಟೆ, ಹಣ್ಣಿನದೇನು ತಪ್ಪು? ಒಳಕೋಣೆಯಲ್ಲಿ ಮಗಳು ಬಟ್ಟೆ ಹೊಂದಿಸಿಕೊಳ್ಳುತ್ತಿದ್ದಳು. ಅವಳ ಚೀಲದ ಒಂದು ಹಿಡಿಕೆ ನಾನು ಹಿಡಿಯಬೇಕು, ಬಸ್ ಸ್ಟ್ಯಾಂಡಿನ ತನಕ.

ಅಜ್ಜ ಈಗಿಲ್ಲ. ಆ ಕಣಗಿಲೆ ಗಿಡವೂ ಇಲ್ಲ. ಏ ಹೂವಿನಕಿ ಎಂದು ಕರೆಯುವವರೂ ಇಲ್ಲ. ಆ ಕೂಗು ನೆನಪಾದರೆ ಇನ್ನೂ ಕಣ್ಣು ತುಂಬುತ್ತದೆ, ಏನು ಮಾಡಲಿ... ಅವನ ಮೇಲಿನ ಸಿಟ್ಟು ಮಾತ್ರ ಬಲಗಡೆಯ ಆ ಹೂವಿನ ಹಾಗೆ ಬಾಡಿ ಮುದುಡಿದ್ದರೂ ಅಂಟಿಕೊಂಡೇ ಇದೆ. ಬಿದ್ದರೆ ತಾನಾಗಿಯೇ ಬೀಳಲಿ. ನಾನು ಉಗುರು ಹಾಕಿ ಕೀಳುವುದಿಲ್ಲ.